ಬೊಳ್ಳಿಗೆ ಹೊಯ್ದ ಬಿಸಿನೀರು

ಬೋಳಾರದ ಹೊಳೆಬದಿಯ ಆ ಓಣಿಯಲ್ಲಿ ಒಂದು ಕಾಲಕ್ಕೆ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯನ್ನು ಮೀಯಿಸಲು ಅಪ್ಪಿಯೇ ಬೇಕಿತ್ತು. ಬೆಳಿಗ್ಗೆ ದಕ್ಕೆಯಿಂದ ಮೀನು ತಂದು ಮನೆಮನೆಗೆ ಮಾರಿ, ಬುಟ್ಟಿ ತೊಳೆದು ಕವುಚಿ, ಕೈಯ ವಾಸನೆ ಹೋಗುವಷ್ಟು ಹುಳಿ ಉಜ್ಜಿಕೊಂಡು ಬಚ್ಚಲಿಗೆ ಬಂದು ನಿಂತಳೆಂದರೆ, ಹಂಡೆ ಬರಿದಾಗುವ ತನಕ ಅವಳ ಮಾತಿಗೆ ಎದುರಿರಲಿಲ್ಲ. ಬೇರೆಯವರು ಬೆರಳು ಅದ್ದಲೂ ಹೆದರುವ ನೀರನ್ನು ಎಷ್ಟು ಎತ್ತರದಿಂದ ಹೊಯ್ದರೆ ಸೊಂಟಕ್ಕೆ ಹಿತ, ಎಲ್ಲಿ ಬಿದ್ದರೆ ಚರ್ಮ ಸುಡುತ್ತದೆ ಎಂಬುದು ಅವಳ ಕೈಗೆ ಗೊತ್ತಿತ್ತು. ಅಳುತ್ತಾ ಕೂತ ಹುಡುಗಿಯರು ಮಿಂದೆದ್ದು ಕೆಂಪಗಾಗಿ, ಕಂಬಳಿ ಹೊದ್ದು, ಮಗುವಿನ ಹಾಗೆ ನಿದ್ದೆ ಹೋಗುತ್ತಿದ್ದರು. ಮೈಯೊಳಗೆ ಕೂತ ಶೀತ ಬಿಸಿನೀರಿಗಲ್ಲದೆ ಇಳಿಯುವುದಿಲ್ಲ ಎಂದು ಅಪ್ಪಿ ಹೇಳುತ್ತಿದ್ದಳು. ಅದನ್ನು ಅವಳು ಯಾರಿಂದಲೂ ಕಲಿತದ್ದಲ್ಲ, ಕಣ್ಣಾರೆ ಕಂಡದ್ದು.

ಈಗ ಮನೆಮನೆಗೆ ಗೀಸರ್ ಬಂದಿದೆ. ಹೊಲಿಗೆಗೆ ನೀರು ತಾಗಿಸಬೇಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸುತ್ತಾರೆ. ಅಪ್ಪಿಗೆ ಮೊಣಕಾಲು ನೋವು ಬಂದು ಮೀನಿನ ಬುಟ್ಟಿಯೂ ಇಳಿದಿದೆ. ಮಗ ಅಮೃತ್ ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಸೊಸೆ ಜ್ಯೋತ್ಸ್ನಾ ಬಟ್ಟೆಯಂಗಡಿಗೆ ಹೋಗುತ್ತಾಳೆ. ಹಗಲು ಹೊತ್ತು ಮನೆಯ ಜಗಲಿಯಲ್ಲಿ ಅಪ್ಪಿ, ಅವಳ ಕಾಲಬುಡದ ಗೋಣಿಯ ಮೇಲೆ ಬೊಳ್ಳಿ.

ಬೊಳ್ಳಿ ಯಾರೂ ಸಾಕಿದ ನಾಯಿಯಲ್ಲ. ಎಲ್ಲಿಂದಲೋ ಬಂದ ಬಿಳಿಯ ಹೆಣ್ಣು ನಾಯಿ. ವರ್ಷಕ್ಕೆರಡು ಸಲ ಮರಿ ಹಾಕುವುದು, ಅವಕ್ಕೆ ಹಾಲೂಡಿಸಿ ಎಲುಬು ಎಣಿಸುವ ಹಾಗಾಗುವುದು, ಮತ್ತೆ ಬಸಿರಾಗುವುದು. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಹರಳಿನ ಬೀಜದಂತೆ ಊದಿದ ಉಣ್ಣಿಗಳು. ಅಪ್ಪಿ ಕೂತಲ್ಲೇ ಹೆಕ್ಕಿ ತೆಗೆದು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದಳು. ಮಾರನೆಯ ದಿನಕ್ಕೆ ಮತ್ತಷ್ಟು. ಎಲ್ಲಕ್ಕಿಂತ ವಿಚಿತ್ರ ಅದರ ಚಳಿ. ಓಣಿಯ ಬೇರೆ ನಾಯಿಗಳು ಆಟಿ ತಿಂಗಳ ಮಳೆಯಲ್ಲೂ ರಸ್ತೆ ನಡುವೆ ಮಲಗಿ ಬೈಸಿಕೊಳ್ಳುತ್ತಿದ್ದರೆ, ಇದು ಒಂದು ತಂಗಾಳಿ ಬೀಸಿದರೆ ಸಾಕು, ಗಡಗಡ ನಡುಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ, ಮನುಷ್ಯರು ಬೆವರಿ ಒದ್ದೆಯಾಗುವ ಹೊತ್ತಿನಲ್ಲಿ, ಕಾದ ಸಿಮೆಂಟಿನ ಮೇಲೆ ಹೊಟ್ಟೆ ಒತ್ತಿಕೊಂಡು ಮಲಗುತ್ತಿತ್ತು. ಬಚ್ಚಲ ಒಲೆಯ ಬಾಯಿಗೆ ಮುಖ ಇಟ್ಟು ಎರಡು ಸಲ ಮೀಸೆ ಸುಟ್ಟುಕೊಂಡಿತ್ತು.

"ನಿಮ್ಮ ನಾಯಿಗೆ ಒಂದು ಸ್ವೆಟರ್ ಹೊಲಿಸಿ ಮಾಮಿ," ಎಂದು ಜ್ಯೋತ್ಸ್ನಾ ನಗುತ್ತಿದ್ದಳು. "ಊಟಿಗೆ ಹೋದವರ ಹಾಗೆ ನಡುಗ್ತದೆ."

ನಗುವುದು ನಿಂತದ್ದು ಹೋದ ಸಲದ ಮರಿಗಳ ಕಾಲಕ್ಕೆ. ಪಕ್ಕದ ಕಂಪೌಂಡಿನ ಗುರುವಪ್ಪಣ್ಣ ನಿವೃತ್ತರಾದ ಮೇಲೆ ಬಸಳೆ, ತೊಂಡೆ ಬೆಳೆಸಿಕೊಂಡು ಇದ್ದವರು. ಮರಿಗಳು ಗೇಟಿನ ಸಂದಿಯಲ್ಲಿ ನುಗ್ಗಿ ಚಪ್ಪರದ ಬುಡವನ್ನೆಲ್ಲ ಕೆದಕಿ ಹಾಕಿದವು. ಒಂದು ಬೆಳಿಗ್ಗೆ ನೋಡಿದರೆ ಅಷ್ಟೂ ಮರಿಗಳು ಚರಂಡಿಯ ಬದಿಯಲ್ಲಿ ಬಾಯಿಯ ನೊರೆ ಒಣಗಿ ಬಿದ್ದಿದ್ದವು. ಯಾರೂ ಕಂಡದ್ದಿಲ್ಲ, ಯಾರೂ ಕೇಳಲೂ ಇಲ್ಲ. ಬೊಳ್ಳಿ ಮಾತ್ರ ಹಾಲು ಕಟ್ಟಿದ ಹೊಟ್ಟೆ ಎಳೆದುಕೊಂಡು ಮೂರು ಸಂಜೆ ಚರಂಡಿ ಮೂಸಿತು. ನಾಲ್ಕನೆಯ ದಿನ ಗುರುವಪ್ಪಣ್ಣ ತಾವಾಗಿಯೇ ಗೇಟಿನ ಬಳಿ ಬಂದು ನಿಂತರು.

"ಇನ್ನೊಮ್ಮೆ ಮರಿ ಹಾಕಿದ್ರೆ ತಾಯಿಯನ್ನೂ ಬಿಡುದಿಲ್ಲ ಅಪ್ಪಿಯಕ್ಕ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಬೇಡಿ. ಮೊದಲೇ ಹೇಳಿದ್ದೇನೆ."

ಅವರು ಹೇಳಿದರೆ ಮಾಡುವವರು. ಆದುದರಿಂದ ಅಪ್ಪಿ ಬೊಳ್ಳಿಯನ್ನು ರಿಕ್ಷಾದಲ್ಲಿ ಕೂರಿಸಿ, ಬಿಜೈಯಲ್ಲಿ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಕೊಡುವ ಚಿಕ್ಕ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಡಾಕ್ಟರು ಶೆರಿಲ್ ಎಂಬ ಹುಡುಗಿ. ಕ್ರಿಶ್ಚಿಯನ್ ಮನೆಗಳ ಹೆಂಗಸರನ್ನು ಬಾಯಮ್ಮ ಎನ್ನುವುದು ಅಪ್ಪಿಗೆ ಮೀನು ಮಾರುತ್ತಿದ್ದಾಗಿನಿಂದ ಬಂದ ರೂಢಿ. ಮೊಮ್ಮಗಳ ವಯಸ್ಸಿನ ಡಾಕ್ಟರನ್ನೂ ಹಾಗೇ ಕರೆದಳು. ಶೆರಿಲ್ ನಕ್ಕು ಬೊಳ್ಳಿಯ ತುಟಿ ಎತ್ತಿದಳು. ನಗು ಅಲ್ಲಿಗೇ ನಿಂತಿತು. ವಸಡು ತೊಳೆದಿಟ್ಟ ಬೊಂಡಾಸ್ ಮೀನಿನ ಹಾಗೆ ಬೆಳ್ಳಗಿತ್ತು.

"ಇದಕ್ಕೆ ತುಂಬ ಚಳಿಯಾಗ್ತದಾ ಅಮ್ಮ?"

"ನಿಮಗೆ ಹೇಗೆ ಗೊತ್ತಾಯ್ತು ಬಾಯಮ್ಮ?"

"ರಕ್ತದಲ್ಲಿ ಕಬ್ಬಿಣದ ಅಂಶವೇ ಇಲ್ಲ. ಉಣ್ಣಿ ಕುಡಿದದ್ದು ಸ್ವಲ್ಪ, ಮರಿಗಳಿಗೆ ಹೋದದ್ದು ಸ್ವಲ್ಪ. ಗಂಡು ನಾಯಿಗಿಂತ ಹೆಣ್ಣಿಗೇ ಇದು ಹೆಚ್ಚು; ಬಸಿರು, ಬಾಣಂತನ ಎಲ್ಲ ಅದರದ್ದೇ ಅಲ್ವಾ? ಕಬ್ಬಿಣ ಇಲ್ಲದಿದ್ರೆ ಮೈಗೆ ಬೇಕಾದ ಬಿಸಿ ಹುಟ್ಟುದಿಲ್ಲ. ಒಲೆ ಉಂಟು, ಸೌದೆಯೂ ಉಂಟು, ಊದ್ಲಿಕ್ಕೆ ಜನ ಇಲ್ಲ, ಹಾಗೆ. ಹುಟ್ಟಿದ ಬಿಸಿಯನ್ನು ಹಿಡಿದಿಟ್ಟುಕೊಳ್ಳಲಿಕ್ಕೂ ಆಗುದಿಲ್ಲ."

ಆವತ್ತು ಆಪರೇಷನ್ ಮಾಡಲಿಲ್ಲ. ಉಣ್ಣಿಗೆ ಬೆನ್ನ ಮೇಲೆ ಬಿಡುವ ಔಷಧಿ, ರಕ್ತಕ್ಕೆ ಟಾನಿಕ್ ಕೊಟ್ಟರು. ಅಪ್ಪಿ ಟಾನಿಕ್ ತಪ್ಪಿಸಲಿಲ್ಲ. ಮೀನಿನ ತಲೆ ಬೇಯಿಸಿ ಮುಳ್ಳು ಬಿಡಿಸಿ ಅನ್ನಕ್ಕೆ ಕಲಸಿ ಹಾಕಿದಳು. ಎದುರಿನ ಕೋಳಿ ಅಂಗಡಿಯವನು ತಾನಾಗಿಯೇ ಲಿವರ್ ಕಟ್ಟಿಕೊಡಲು ಶುರುಮಾಡಿದ. ಕೇಳಿದರೆ, "ಮಿಕ್ಕಿದ್ದು," ಎನ್ನುತ್ತಿದ್ದ. ಒಂದು ತಿಂಗಳಿನಲ್ಲಿ ಬೊಳ್ಳಿಯ ವಸಡಿಗೆ ಬಣ್ಣ ಬಂದ ಹಾಗೆ ಕಂಡಿತು. ನಡುಕ ಕಡಿಮೆಯಾಯಿತು, ಹೋಗಲಿಲ್ಲ.

ಮತ್ತೆ ರಕ್ತ ನೋಡಿದ ಶೆರಿಲ್ ಬೊಳ್ಳಿಯ ಬಾಲ ಎತ್ತಿಯೂ ನೋಡಿದಳು. "ಇನ್ನೂ ಒಂದು ತಿಂಗಳು ಕಾದ್ರೆ ಒಳ್ಳೇದಿತ್ತು. ಆದ್ರೆ ಇವಳು ಬೆದೆಗೆ ಬರ್ತಾ ಇದ್ದಾಳೆ."

"ಕಾಯ್ಲಿಕ್ಕೆ ನಮ್ಮ ಪಕ್ಕದವರು ಬಿಡುದಿಲ್ಲ ಬಾಯಮ್ಮ," ಎಂದಳು ಅಪ್ಪಿ. ಚರಂಡಿಯ ಬದಿಯ ಮರಿಗಳ ಸುದ್ದಿ ಹೇಳಿದಳು.

ಶೆರಿಲ್ ಬೊಳ್ಳಿಯ ಕಿವಿ ಸವರಿದಳು. "ಆಯ್ತು, ಮಾಡುವ. ನಾಡಿದ್ದು ಬೆಳಿಗ್ಗೆ ಬನ್ನಿ. ಮುಂಚಿನ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕ್ಬೇಡಿ. ಮತ್ತೆ ಇನ್ನೊಂದು, ಅಮ್ಮ, ಅವಳನ್ನು ಬೆಚ್ಚಗೆ ಇಟ್ಕೊಳ್ಳಿ. ಚಳಿ ತಾಗ್ಲಿಕ್ಕೆ ಬಿಡ್ಲೇಬೇಡಿ. ಅಷ್ಟು ಮಾಡಿದ್ರೆ ಸಾಕು."

ಅಷ್ಟು ಮಾಡುವುದು ಅಪ್ಪಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಹೆಣ್ಣು ಮೈಗೆ ಶೀತ ಹಿಡಿದರೆ ಏನು ಮಾಡಬೇಕು ಎಂದು ಈ ಓಣಿಯಲ್ಲಿ ಯಾರನ್ನು ಕೇಳಿದರೂ ಅವಳ ಮನೆಯತ್ತ ಬೆರಳು ತೋರಿಸಿಯಾರು.

ಆಪರೇಷನ್ನಿನ ದಿನ ಬೆಳಿಗ್ಗೆ ಅಪ್ಪಿ ಬಚ್ಚಲ ಒಲೆಗೆ ತೆಂಗಿನ ಮಡಲು ತುರುಕಿ ಹಂಡೆ ಕಾಯಿಸಿದಳು. ತೆಂಗಿನೆಣ್ಣೆಗೆ ಅರಸಿನ ಕಲಸಿ ಬೆಚ್ಚಗೆ ಮಾಡಿ, ಬೊಳ್ಳಿಯ ಸೊಂಟಕ್ಕೆ, ಕಾಲಿನ ಕೀಲುಗಳಿಗೆ, ಹೊಟ್ಟೆಯ ಅಡಿಗೆ ತಿಕ್ಕಿದಳು. ಅಂಗಡಿಗೆ ರಜೆ ಹಾಕಿದ ಜ್ಯೋತ್ಸ್ನಾ ಬಚ್ಚಲ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಎಂತ ಮಾಮಿ, ಬಾಣಂತಿಯರು ಸಿಗದೆ ಈಗ ನಾಯಿಗೆ ನೀರು ಹಾಕ್ಲಿಕ್ಕೆ ಹೊರಟ್ರಾ?"

"ನೀನು ಅಂತೂ ನನ್ನ ಕೈಯಿಂದ ಮೀಯಲಿಲ್ಲ. ಇದಾದ್ರೂ ಮೀಯಲಿ. ಆ ಚೆಂಬು ಕೊಡು."

"ಡಾಕ್ಟ್ರು ಹೇಳಿದ್ದಾ?"

"ಬೆಚ್ಚಗೆ ಇಡ್ಲಿಕ್ಕೆ ಹೇಳಿದ್ದು. ಬೆಚ್ಚಗೆ ಮತ್ತೆ ಹೇಗೆ ಇಡುದು, ಫ್ರಿಜ್ಜಲ್ಲಿಯಾ?"

ಜ್ಯೋತ್ಸ್ನಾ ನಗುತ್ತಾ ಚೆಂಬು ಕೊಟ್ಟಳು, ತಾನೇ ಕುಕ್ಕರುಗಾಲಲ್ಲಿ ಕೂತು ಬೊಳ್ಳಿಯ ಮುಂಗಾಲು ಹಿಡಿದಳು. ಬೊಳ್ಳಿ ಓಡಲಿಲ್ಲ, ಕೊಸರಲಿಲ್ಲ. ಬಿಸಿನೀರು ಬೆನ್ನ ಮೇಲೆ ಬಿದ್ದಾಗ ಕಣ್ಣು ಮುಚ್ಚಿ, ಮೂತಿಯನ್ನು ಅಪ್ಪಿಯ ಮೊಣಕಾಲಿಗೆ ಆನಿಸಿ ನಿಂತುಬಿಟ್ಟಿತು. ಅದರ ಬಾಳಿನಲ್ಲಿ ಮೈಯೆಲ್ಲ ಬೆಚ್ಚಗಾದದ್ದು ಅದೇ ಮೊದಲಿರಬೇಕು. ಹಂಡೆ ಬರಿದಾಗುವ ತನಕ ಅಪ್ಪಿ ಹೊಯ್ದಳು.

ಹಳೇ ಸೀರೆಯಲ್ಲಿ ಒರೆಸುತ್ತಿದ್ದಾಗಲೇ ರಿಕ್ಷಾ ಬಂದು ಹಾರ್ನ್ ಹೊಡೆಯಿತು. ಬೊಳ್ಳಿಯ ಮೇಲುಕೂದಲು ಒಣಗಿ ಬೆಳ್ಳಗೆ ಎದ್ದು ನಿಂತಿತ್ತು. ಮದುವೆಗೆ ಹೊರಟವರ ಹಾಗಿದೆ ಎಂದಳು ಜ್ಯೋತ್ಸ್ನಾ. ಒಳಗಿನ ಮೆದು ಕೂದಲಿಗೆ ಯಾರೂ ಬೆರಳು ಹಾಕಿ ನೋಡಲಿಲ್ಲ. ದಾರಿಯುದ್ದಕ್ಕೂ ಮಳೆ, ರಿಕ್ಷಾದ ಪರದೆ ಪಟಪಟನೆ ಬಡಿಯುತ್ತಿತ್ತು. ಅಪ್ಪಿ ತನ್ನ ಸೆರಗಿನಲ್ಲಿ ಬೊಳ್ಳಿಯನ್ನು ಸುತ್ತಿ ಎದೆಗೆ ಒತ್ತಿಕೊಂಡಳು. ಬಿಜೈ ತಲುಪುವಾಗ ಅದು ಸಣ್ಣಗೆ ನಡುಗತೊಡಗಿತ್ತು. ಹೆದರಿಕೆಗೆ ಇರಬೇಕು ಎಂದುಕೊಂಡಳು.

ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ನೆರವಾಗುವವನು ಬಾಸಿತ್. ಬಂದರಿನ ಕಡೆಯವನು, ಅಗಲವಾದ ಕೈಗಳ ಆಳು. ಮೇಜಿನ ಮೇಲೆ ಬೊಳ್ಳಿಯನ್ನು ಮಲಗಿಸಿ ಥರ್ಮಾಮೀಟರ್ ಇಟ್ಟು, "ಟೆಂಪರೇಚರ್ ಸರಿ ಉಂಟು ಡಾಕ್ಟ್ರೇ," ಎಂದು ಕೂಗಿದ. ಬಿಸಿನೀರು ಕೊಟ್ಟ ಬಿಸಿ ಇನ್ನೂ ಮೈಯಲ್ಲಿತ್ತು. ಕತ್ತಿನ ಬಳಿ ತೇವ ಕೈಗೆ ಸಿಕ್ಕಿದಾಗ, "ಎಂತ ಮಳೆ ಮಾರಾಯ್ತಿ, ನಿನ್ನನ್ನೂ ಬಿಡ್ಲಿಲ್ಲ," ಎಂದು ನಾಯಿಗೆ ಹೇಳಿ ತನ್ನ ಹೆಗಲ ಟವೆಲಿನಿಂದ ಒರೆಸಿದ. ಮಳೆಯಲ್ಲ, ಮೀಯಿಸಿದ್ದು ಎಂದು ಹೇಳಬೇಕೆಂದು ಅಪ್ಪಿಗೆ ತೋಚಲೇ ಇಲ್ಲ. ಮಿಂದು ಬಂದದ್ದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಹೊರಗಿನ ಬೆಂಚಿನಲ್ಲಿ ಅತ್ತೆ ಸೊಸೆ ಕಾದು ಕೂತರು. ಜ್ಯೋತ್ಸ್ನಾ ಚಹಾ ತಂದುಕೊಟ್ಟಳು. ಅಪ್ಪಿ ಕುಡಿಯಲಿಲ್ಲ, ಒಳಗೆ ಒಂದು ಜೀವ ಉಪವಾಸ ಮಲಗಿದೆ ಎಂದಳು.

ಬಾಗಿಲು ತೆರೆದು ಬಾಸಿತ್ ಹೊರಗೆ ಬಂದ. ಅವರನ್ನು ನೋಡದೆ ಅಡುಗೆಮನೆಯತ್ತ ಹೋಗಿ ಕೆಟಲಿನಲ್ಲಿ ನೀರು ಇಟ್ಟ. ಕೈಗೆ ಹಾಕುವ ರಬ್ಬರ್ ಗ್ಲೌಸುಗಳಿಗೆ ಬಿಸಿನೀರು ತುಂಬಿ, ಬಾಯಿ ಕಟ್ಟಿ, ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದ. ಸ್ವಲ್ಪ ಹೊತ್ತಿನಲ್ಲಿ ಶೆರಿಲ್ ಬಾಗಿಲಲ್ಲಿ ಕಾಣಿಸಿಕೊಂಡಳು.

"ಅಮ್ಮ, ನೀವು ಒಳಗೆ ಬನ್ನಿ. ಆಪರೇಷನ್ ಆಯ್ತು, ಹೊಲಿಗೆಯೂ ಆಯ್ತು. ಆದ್ರೆ ಮೈ ಬಿಸಿಯಾಗ್ತಾ ಇಲ್ಲ."

ಒಳಗೆ ಫ್ಯಾನ್ ನಿಲ್ಲಿಸಿದ್ದರು, ಕಿಟಕಿ ಮುಚ್ಚಿದ್ದರು. ಬಾಸಿತನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬೊಳ್ಳಿ ಕಂಬಳಿಯೊಳಗೆ ಮಲಗಿತ್ತು. ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಆ ನೀರು ತುಂಬಿದ ಗ್ಲೌಸುಗಳು ಯಾರೋ ಊದಿದ ಕೈಗಳಿಂದ ಹಿಡಿದುಕೊಂಡ ಹಾಗೆ. ಅಪ್ಪಿ ಕಿವಿ ಮುಟ್ಟಿದಳು. ಮಂಜುಗಡ್ಡೆಯ ಪೆಟ್ಟಿಗೆಯಿಂದ ತೆಗೆದ ಮೀನನ್ನು ಅವಳು ಬಾಳಿಡೀ ಮುಟ್ಟಿದವಳು. ಆ ತಂಪು ಏನೆಂದು ಅವಳ ಬೆರಳಿಗೆ ಯಾರೂ ಹೇಳಬೇಕಿರಲಿಲ್ಲ.

"ನಡುಗಿದ್ರೆ ಒಳ್ಳೇದಿತ್ತು," ಎಂದಳು ಶೆರಿಲ್. "ನಡುಗುದೆಂದ್ರೆ ಮೈ ತಾನಾಗಿ ಬಿಸಿ ಮಾಡ್ಕೊಳ್ಳಲಿಕ್ಕೆ ನೋಡುದು. ಇವಳು ಅದನ್ನೂ ಮಾಡ್ತಾ ಇಲ್ಲ. ನೀವು ಮಾತಾಡಿಸಿ."

ಅಪ್ಪಿ ಮಾತಾಡಿಸಿದಳು. ತುಳುವಿನಲ್ಲಿ ಬೈದಳು, ಮುದ್ದಿಸಿದಳು, ಮೀನಿನ ತಲೆಯ ಆಸೆ ತೋರಿಸಿದಳು. ಇಷ್ಟು ವರ್ಷ ಆ ನಡುಕವನ್ನು ಕಂಡು ಮರುಗಿದವಳು ಈಗ ಒಮ್ಮೆ, ಒಂದೇ ಒಮ್ಮೆ ನಡುಗು ಎಂದು ಕೇಳಿಕೊಂಡಳು. ಬಾಸಿತ್ ಕೂದಲು ಒಣಗಿಸುವ ಯಂತ್ರ ತಂದು ಬೊಳ್ಳಿಯ ಎದೆಯ ಕೂದಲನ್ನು ಬೆರಳಿಂದ ಬಿಡಿಸುತ್ತಾ ಬಿಸಿಗಾಳಿ ಹಿಡಿದ. ಒಳಗೂದಲು ಹಿಂಡಿದರೆ ನೀರು ಬರುವಷ್ಟು ಒದ್ದೆಯಿತ್ತು. ಅದರಿಂದ ಆವಿ ಎದ್ದಿತು. ಆವಿಯಲ್ಲಿ ಅರಸಿನದ, ತೆಂಗಿನೆಣ್ಣೆಯ ವಾಸನೆ. ಬಾಸಿತ್ ತಲೆ ಎತ್ತಿ ಅಪ್ಪಿಯನ್ನು ನೋಡಿದ. ಶೆರಿಲಳೂ ನೋಡಿದಳು. ಬಾಸಿತ್ ಮತ್ತೆ ತಲೆ ತಗ್ಗಿಸಿ, ಬೆರಳಿಂದ ಕೂದಲು ಬಿಡಿಸುವುದನ್ನು ಮುಂದುವರಿಸಿದ.

ಮಧ್ಯಾಹ್ನದ ಹೊತ್ತಿಗೆ ಬೊಳ್ಳಿ ಒಂದು ಉದ್ದ ಉಸಿರು ಎಳೆಯಿತು. ಅದರ ನಂತರದ್ದಕ್ಕಾಗಿ ಎಲ್ಲರೂ ಕಾದರು. ಅದು ಬರಲಿಲ್ಲ. ಶೆರಿಲ್ ಎದೆಗೆ ಕೈಯಿಟ್ಟು ಒತ್ತಿದಳು, ಸೂಜಿ ಚುಚ್ಚಿದಳು, ಮತ್ತೆ ಒತ್ತಿದಳು. ಕೊನೆಗೆ ಬಾಸಿತ್ ಅವಳ ಮೊಣಕೈ ಮುಟ್ಟಿ, "ಸಾಕು ಡಾಕ್ಟ್ರೇ," ಎಂದ.

ಬಾಸಿತ್ ಬೊಳ್ಳಿಯ ಹೊಟ್ಟೆಯ ಮೇಲಿನ ರಕ್ತ ಒರೆಸಿ, ಬಾಯಿಂದ ಹೊರಗೆ ಜಾರಿದ ನಾಲಿಗೆಯನ್ನು ಒಳಗೆ ಸೇರಿಸಿ, ಬೀರುವಿನಿಂದ ಒಂದು ಒಗೆದ ಬೆಡ್‌ಶೀಟ್ ತಂದ. ಆಸ್ಪತ್ರೆಯ ಹಳೇ ಬಟ್ಟೆ ಬೇರೆ ಇತ್ತು. ಇದು ಮಡಿಕೆ ಬಿಚ್ಚದ್ದು. ಅಪ್ಪಿಗೆ ಅದು ಕಾಣಿಸಿತು.

"ಬಾಯಮ್ಮ," ಎಂದಳು. "ನಾನು ಮೀಯಿಸಿದ್ದೆ. ಬೆಚ್ಚಗೆ ಆಗ್ಲಿ ಅಂತ."

ಶೆರಿಲ್ ಸಿಂಕಿನ ಕಡೆ ತಿರುಗಿ ಕೈ ತೊಳೆಯುತ್ತಿದ್ದಳು. ಆಗಲೇ ತೊಳೆದಾಗಿದ್ದ ಕೈಯನ್ನು ಮತ್ತೆ ತೊಳೆದಳು.

"ಅದರಿಂದ ಆದದ್ದಾ?"

"ಇಲ್ಲ ಅಮ್ಮ. ರಕ್ತದಲ್ಲೇ ಶಕ್ತಿ ಇರ್ಲಿಲ್ಲ. ನಾನೇ ಇನ್ನೂ ಸ್ವಲ್ಪ ಕಾಯ್ಬೇಕಿತ್ತು. ನೀವು ಅಷ್ಟು ಚೆಂದ ನೋಡ್ಕೊಂಡಿದ್ದೀರಿ. ಮೀಯಿಸಿದ್ದರಿಂದ ಏನೂ ಆಗ್ಲಿಲ್ಲ."

ಒಳ್ಳೆಯ ಮನೆಯ ಹುಡುಗಿ, ಎಂದುಕೊಂಡಳು ಅಪ್ಪಿ. ಮನೆಬಾಗಿಲಲ್ಲಿ ಮೀನು ಮಾರಿದವರಿಗೆ ಸುಳ್ಳಿನ ದನಿ ಗೊತ್ತಾಗುತ್ತದೆ. ಆದರೆ ಆ ಸುಳ್ಳು ಮಡಿಕೆ ಬಿಚ್ಚದ ಬೆಡ್‌ಶೀಟಿನ ಹಾಗಿತ್ತು. ಹೊದ್ದುಕೊಂಡು ಮನೆಗೆ ಹೋಗಬಹುದಿತ್ತು. ಬಾಗಿಲಲ್ಲಿ ಅಳುತ್ತಾ ನಿಂತಿದ್ದ ಜ್ಯೋತ್ಸ್ನಾ ಅದನ್ನು ಕೇಳಿಸಿಕೊಂಡು ಸಮಾಧಾನದ ಉಸಿರು ಬಿಟ್ಟಳು. ಬೆಳಿಗ್ಗೆ ಮುಂಗಾಲು ಹಿಡಿದವಳು ಅವಳು.

ಹೊರಗೆ ಮಳೆ ಬಿಟ್ಟಿರಲಿಲ್ಲ. ಬೊಳ್ಳಿಯನ್ನು ಸುತ್ತಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪಿ ಬೆಂಚಿನಲ್ಲಿ ಕೂತಳು. ಜ್ಯೋತ್ಸ್ನಾ ರಸ್ತೆಗಿಳಿದು ರಿಕ್ಷಾಗಳಿಗೆ ಕೈ ತೋರಿಸಿದಳು. ಮೊದಲನೆಯವನು ನಿಲ್ಲಿಸಿ, ಗಂಟು ನೋಡಿ, "ಸತ್ತದ್ದನ್ನೆಲ್ಲ ಹಾಕುದಿಲ್ಲ ಅಕ್ಕ, ಈಗ ತಾನೆ ತೊಳೆದದ್ದು," ಎಂದು ಹೋದ. ಎರಡನೆಯವನು ಮಾತೇ ಆಡದೆ ಹೋದ.

ಆಗ ಒಂದು ಬಿಳಿ ಕಾರು ಬಂದು ನಿಂತಿತು. ವಯಸ್ಸಾದ ಗಂಡಸೊಬ್ಬರು ಕೊಡೆ ಬಿಡಿಸಿಕೊಂಡು, ಕಂಕುಳಲ್ಲಿ ಒಂದು ಸಣ್ಣ ಪೊಮೆರೇನಿಯನ್ ನಾಯಿ ಹಿಡಿದುಕೊಂಡು ಇಳಿದರು. ನಾಯಿಯ ಕತ್ತಿಗೆ ರಿಬ್ಬನ್, ಮೈಯೆಲ್ಲ ಪೌಡರಿನ ಪರಿಮಳ. ಬೆಂಚಿನ ತುದಿಯಲ್ಲಿ ಕೂತು, "ಹ್ಯೂಬರ್ಟ್ ಬಂದಿದ್ದೇನೆ ಅಂತ ಹೇಳಿ, ಎರಡು ಗಂಟೆಗೆ ಆಪರೇಷನ್ ಉಂಟು," ಎಂದು ಒಳಗೆ ಕೂಗಿದರು. ನಾಯಿ ಅವರ ಮಡಿಲಲ್ಲಿ ಮುದುಡಿಕೊಂಡಿತು. ಉಬ್ಬಿದ ಕೂದಲಿನ ಕೆಳಗೆ ಅದು ಬಡಕಲು. ಮೊಲೆಗಳು ಇನ್ನೂ ಜೋತಿದ್ದವು. ಮರಿಗಳ ಹಾಲು ಬಿಡಿಸಿ ಹೆಚ್ಚು ದಿನ ಆಗಿರಲಿಲ್ಲ.

ಅಪ್ಪಿ ಕೈ ಚಾಚಿ ಅದರ ಎದೆಯ ಕೂದಲಿನೊಳಗೆ ಬೆರಳು ತೂರಿಸಿದಳು.

"ಏಯ್, ಎಂತ ಮಾಡ್ತಿದ್ದೀರಿ?"

"ಇದನ್ನು ಮೀಯಿಸಿದ್ದೀರಾ ಸಾರ್?"

"ಮತ್ತೆ? ಡಾಕ್ಟ್ರ ಹತ್ರ ತರುವಾಗ ಗಲೀಜು ತರ್ಲಿಕ್ಕೆ ಆಗ್ತದಾ?"

"ಇವತ್ತು ಮಾಡಿಸ್ಬೇಡಿ. ಒಳಗೆ ಒದ್ದೆ ಉಂಟು. ಮೈ ಆರಿ ಹೋಗ್ತದೆ, ಮತ್ತೆ ಬಿಸಿಯಾಗುದಿಲ್ಲ."

ಹ್ಯೂಬರ್ಟ್ ಅವಳನ್ನೂ ಅವಳ ಗಂಟನ್ನೂ ನೋಡಿ ಸ್ವಲ್ಪ ಸರಿದು ಕೂತರು. "ನಿಮ್ಮದು ಬೀದಿನಾಯಿ ಇರ್ಬೇಕು. ಇದು ಮನೆಯೊಳಗೆ ಎಸಿಯಲ್ಲಿ ಬೆಳೆದದ್ದು. ಇದಕ್ಕೆ ಎಂತದೂ ಆಗುದಿಲ್ಲ."

"ನಾನೂ ಹಾಗೇ ಎಣಿಸಿದ್ದು ಸಾರ್."

"ಬಿಡಿ ಅಮ್ಮ, ಡಾಕ್ಟ್ರು ನೋಡ್ಕೊಳ್ತಾರೆ."

ಜ್ಯೋತ್ಸ್ನಾ ಮೆಟ್ಟಿಲು ಹತ್ತಿ ಬಂದಿದ್ದಳು. ಬಾಗಿಲಿನಲ್ಲಿ ಶೆರಿಲ್ ನಿಂತಿದ್ದಳು, ಅವಳ ಹಿಂದೆ ಬಾಸಿತ್. ಅಪ್ಪಿಗೆ ಎಲ್ಲರೂ ಕಾಣಿಸುತ್ತಿದ್ದರು. ಸುಮ್ಮನಿದ್ದರೂ ಆದೀತು, ಡಾಕ್ಟರು ಹೇಗೂ ಮುಟ್ಟಿ ನೋಡಿಯಾಳು ಎನಿಸಿತು. ಆದರೆ ಬೆಳಿಗ್ಗೆಯೂ ಮುಟ್ಟಿ ನೋಡಿದ್ದರು. ಮಳೆ ಎಂದುಕೊಂಡಿದ್ದರು.

"ನನ್ನದು ಸತ್ತದ್ದು ಅದರಿಂದಲೇ," ಎಂದಳು. ದನಿ ಬೀದಿಯಲ್ಲಿ ಮೀನು ಕೂಗುವಾಗಿನಷ್ಟು ದೊಡ್ಡದಾಗಿ ಬಂತು. "ಮೊದಲೇ ರಕ್ತ ಇಲ್ಲದ್ದು. ಅದಕ್ಕೆ ನಾನು ಹಂಡೆ ನೀರು ಹೊಯ್ದು, ಒದ್ದೆ ಮೈಯಲ್ಲಿ ಗಾಳಿಗೆ ತಂದೆ. ನಾನೇ ಕೊಂದದ್ದು."

ಜ್ಯೋತ್ಸ್ನಾ, "ಮಾಮಿ," ಎಂದಳು.

ಅಪ್ಪಿ ಶೆರಿಲಳನ್ನು ನೋಡಿದಳು. ಅಲ್ಲ ಎಂದು ಈಗಲೂ ಹೇಳಬಹುದಿತ್ತು. ಶೆರಿಲ್ ಬಂದು ಹ್ಯೂಬರ್ಟರ ನಾಯಿಯ ಕಂಕುಳಿಗೆ ಕೈ ಹಾಕಿದಳು, ತುಟಿ ಎತ್ತಿ ವಸಡು ನೋಡಿದಳು, ಬೆರಳಿಂದ ಒತ್ತಿ ಬಣ್ಣ ಮರಳುವುದನ್ನು ಕಾದಳು.

"ಇವತ್ತು ಬೇಡ ಸಾರ್," ಎಂದಳು. "ಅಮ್ಮ ಹೇಳಿದ್ದು ಸರಿ."

ಹ್ಯೂಬರ್ಟ್ ಗೊಣಗಿದರು. ಎರಡು ವಾರ ಮೊದಲೇ ದಿನ ಗೊತ್ತುಮಾಡಿದ್ದು, ಇಷ್ಟು ಮಳೆಯಲ್ಲಿ ಬಂದದ್ದು, ಮೊದಲೇ ಯಾರಾದರೂ ಹೇಳಬಾರದಾ ಎಂದೆಲ್ಲ. ಬಾಸಿತ್ ನಾಯಿಯನ್ನು ಒಳಗೆ ಒಯ್ದು ಒಣಗಿಸಿ, ಹೊಸ ಟವೆಲಿನಲ್ಲಿ ಸುತ್ತಿ ತಂದುಕೊಟ್ಟ. ಅವರು ಟಾನಿಕ್ಕಿನ ಬಾಟಲಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಕಾರಿಗೆ ಹೋದರು.

ಕಾರು ಗೇಟು ದಾಟಿತು, ನಿಂತಿತು, ಹಿಂದಕ್ಕೆ ಬಂತು. ಗಾಜು ಇಳಿಯಿತು.

"ಎಲ್ಲಿಗೆ ಹೋಗ್ಲಿಕ್ಕೆ?"

"ಬೋಳಾರಕ್ಕೆ," ಎಂದಳು ಜ್ಯೋತ್ಸ್ನಾ.

"ಹತ್ತಿ."

ಅಪ್ಪಿ ಗಂಟನ್ನು ಕಾಲಬುಡದಲ್ಲಿ ಇಡಲು ಬಗ್ಗಿದಳು. "ಮೇಲೆಯೇ ಇಡಿ," ಎಂದರು ಹ್ಯೂಬರ್ಟ್, ಹಿಂದೆ ತಿರುಗದೆ. ಮುಂದಿನ ಸೀಟಿನಲ್ಲಿ ಅವರ ನಾಯಿ ಟವೆಲಿನಿಂದ ಮೂತಿ ಹೊರಹಾಕಿ ಎಲ್ಲರನ್ನೂ ಮೂಸುತ್ತಿತ್ತು. ಅವರು ಎಸಿ ಆರಿಸಿದರು. ಗಾಜಿನ ಒಳಗೆಲ್ಲ ಮಂಜು ಕಟ್ಟಿ, ಊರು ಕಾಣದಾಯಿತು.

ಅರ್ಧ ದಾರಿಯಲ್ಲಿ ಜ್ಯೋತ್ಸ್ನಾ ಮೆಲ್ಲಗೆ ಕೇಳಿದಳು.

"ಎಲ್ಲಿ ಹುಗಿಯುದು ಮಾಮಿ? ನಮ್ಮ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಕಿಸಿ ಆಗಿದೆ. ಹೊಳೆಬದಿಯಲ್ಲಿ ನೀರು ಏರಿದೆ."

ಅಪ್ಪಿ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಓಣಿಯ ಒಂದೊಂದೇ ಮನೆಯನ್ನು ಮನಸ್ಸಿನಲ್ಲಿ ದಾಟಿ ಬಂದಳು. ಎಲ್ಲ ಕಡೆ ಸಿಮೆಂಟು.

"ಗುರುವಪ್ಪಣ್ಣನ ಹತ್ರ ಕೇಳ್ಬೇಕು," ಎಂದಳು. "ಮಣ್ಣು ಇರುದು ಅವರಲ್ಲಿ ಮಾತ್ರ."